ದ್ವೀಪಯಾತ್ರೆಗೆ ಕಟ್ಟಿದ ಅರಿವೆಯ ಗಂಟು

೨೦೨೪ನೆಯ ಇಸವಿಯ ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿ ನಾವು ಸಕುಟುಂಬವಾಗಿ ಸಿಂಹಳದ್ವೀಪಕ್ಕೆ ಹೋಗಿ ಬಂದೆವು. ಈ ಪ್ರವಾಸದ ವೃತ್ತಾಂತವನ್ನು ಬರೆಯಬೇಕೆಂದು ಮಿತ್ರರು ಕೆಲವರು ಕೇಳಿದರು. ಆದರೆ ಅಲ್ಲಿಯ ದೇಗುಲ, ಸ್ತೂಪ, ಚಹದ ತೋಟಗಳ ವರ್ಣನೆಯೂ ಚಿತ್ರಗಳೂ ಈಗ ಎಲ್ಲರ ಅಂಗೈಯಲ್ಲಿಯೇ ದೊರೆಯುತ್ತಿರುವದರಿಂದ ಅವನ್ನು ಬಿಟ್ಟು, ಒಂದು ಅಲ್ಪ ವಿಷಯವನ್ನು, ಎಂದರೆ ಅಲ್ಲಿಗೆ ನಾವು ಅರಿವೆಗಳನ್ನು ಹೇಗೆ ಕಟ್ಟಿಕೊಂಡು ಹೋದೆವೆಂಬದನ್ನು, ವಾಚಕರ ಮುಂದೆ ಇಡಬಯಸುತ್ತೇವೆ. ಅಲ್ಪವೆಂದೆವು, ನಮ್ಮ ಮನೆಯ ಮಟ್ಟಿಗೆ ಅದು ಅಷ್ಟೇನೂ ಅಲ್ಪವಾಗಿರಲಿಲ್ಲವೆಂಬದು ಮುಂದೆ ತಿಳಿದೀತು.

ನಮ್ಮ ಚಿರಂಜೀವಿಯು ಧಾರವಾಡದ ಬಳಿಯ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿರುತ್ತಾನೆ. ಬೇಲೂರೆಂದೊಡನೆ ಮೈಸೂರು ಸೀಮೆಯ ವಾಚಕರಿಗೆ ಚೆನ್ನಕೇಶವನ ನೆನಪಾಗುವದು ಸಹಜವೇ. ಇದು ಬೇರೆ ಬೇಲೂರು. ಧಾರವಾಡದಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ, ಶಿಲಾಬಾಲಿಕೆಯರ ಬದಲು ತಗಡಿನ ಮಾಡುಗಳೂ ಲಾರಿಗಳ ಸಾಲುಗಳೂ ಕಾಣುವ ಊರು. ನಾವು ನಿವೃತ್ತರಾದ ಮೇಲೆ ಮಗನ ಬಿಡಾರದಲ್ಲಿಯೇ ಇದ್ದೇವೆ. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಅಲ್ಲಿಯ ಬಿಸಿಲು ಹೇಗಿತ್ತೆಂದರೆ, ಮಧ್ಯಾಹ್ನ ಎರಡು ಗಂಟೆಗೆ ಅಂಗಳದ ತಂತಿಯ ಮೇಲೆ ಹಾಕಿದ ಧೋತರವು ಮೂರು ಗಂಟೆಗೆ ಹಪ್ಪಳದಂತೆ ಆಗುತ್ತಿತ್ತು. ಇಂಥ ಬಿಸಿಲಿನಲ್ಲಿ ಕುಳಿತು, ಮೈಯ ಬೆವರನ್ನು ಒರಸಿಕೊಳ್ಳುತ್ತ, ಉಣ್ಣೆಯ ಅರಿವೆಗಳನ್ನು ಆರಿಸಿಡುವದು ಎಷ್ಟು ಕಠಿಣವೆಂಬದನ್ನು ಮಾಡಿದವರೇ ಬಲ್ಲರು. ಮನುಷ್ಯನು ಹೋಗುವ ಊರಿನ ಹವೆಗಾಗಿ ಅರಿವೆ ಕಟ್ಟುತ್ತೇನೆಂದುಕೊಳ್ಳುತ್ತಾನೆ. ಆದರೆ ಕೈಗಳು ಆ ಗಳಿಗೆಯಲ್ಲಿ ತನ್ನ ಚರ್ಮಕ್ಕೆ ತಾಗುತ್ತಿರುವ ಹವೆಗೇ ಕಟ್ಟುತ್ತವೆ. ಇದೇ ತಪ್ಪು ನಮ್ಮಿಂದ ಹಿಂದೊಮ್ಮೆ ಘಟಿಸಿತ್ತು.

ಅದು ೨೦೧೮ನೆಯ ಇಸವಿಯ ಮೇ ತಿಂಗಳ ಮಾತು. ಉದಕಮಂಡಲಕ್ಕೆ ಹೊರಟಿದ್ದೆವು. ನಮ್ಮ ಗೃಹಿಣಿಯು ಎರಡು ಶಾಲುಗಳನ್ನೂ ಒಂದು ದಪ್ಪ ಸ್ವೆಟರನ್ನೂ ಪೆಟ್ಟಿಗೆಯಲ್ಲಿ ಇಟ್ಟಿದ್ದಳು. ಪೆಟ್ಟಿಗೆಯ ಮುಚ್ಚಳವು ಕೂಡಲಿಲ್ಲ. ನಾವು, "ಈ ಬಿಸಲಾಗ ಉಣ್ಣಿ ಅರಿವಿ ಯಾಕ? ವೈಶಾಖಮಾಸದಾಗ ಯಾರರ ಶಾಲು ಹೊದಿತಾರೇನು?" ಎಂದು ಅವನ್ನು ಎತ್ತಿ ಹೊರಗಿಟ್ಟು, ಆ ಜಾಗದಲ್ಲಿ ಓದಲೆಂದು ನಾಲ್ಕು ಪುಸ್ತಕಗಳನ್ನು ತುರುಕಿದೆವು. ಉದಕಮಂಡಲವು ೨೨೪೦ ಮೀಟರು ಎತ್ತರದಲ್ಲಿದೆ. ನಮ್ಮ ಧಾರವಾಡವು ಸುಮಾರು ೭೫೦ರಲ್ಲಿ. ಸಾವಿರ ಮೀಟರು ಏರಿದರೆ ಸುಮಾರು ಆರೂವರೆ ಡಿಗ್ರಿಯಷ್ಟು ಉಷ್ಣವು ಇಳಿಯುವದೆಂಬ ಲೆಕ್ಕವನ್ನು, ಭೂಗೋಲದ ಮಾಸ್ತರರು ರಜೆಯ ಮೇಲೆ ಹೋದಾಗಲೆಲ್ಲ ನಾವೇ ಮಕ್ಕಳಿಗೆ ಹೇಳಿಕೊಡುತ್ತಿದ್ದೆವು. ಹಲಗೆಯ ಮೇಲೆ ಬರೆದುದು ಪೆಟ್ಟಿಗೆಯ ಹತ್ತಿರ ನೆನಪಿಗೆ ಬರಲಿಲ್ಲ. ಎರಡನೆಯ ದಿನ ಸಂಜೆ ಆಲಿಕಲ್ಲಿನ ಮಳೆ ಬಂದಿತು. ನಮ್ಮ ಗೃಹಿಣಿಗೆ ಮೊದಲಿನಿಂದಲೂ ಉಬ್ಬಸದ ಬೇನೆ. ತೊಯ್ದ ನೂಲಿನ ಸೀರೆಯಲ್ಲಿ ಒಂದು ತಾಸು ನಿಂತಳು. ರಾತ್ರಿ ಉಸಿರು ಕಟ್ಟಿತು. ನಾಲ್ಕು ರಾತ್ರಿ ಅಲ್ಲಿಯ ಆಸ್ಪತ್ರೆಯ ಬಾಕಿನ ಮೇಲೆ ಕುಳಿತು ನಾವು ಕಳೆದ ಬಗೆಯನ್ನು ವರ್ಣಿಸುವದು ಬೇಡ. ಆ ನಾಲ್ಕು ಪುಸ್ತಕಗಳಲ್ಲಿ ಒಂದರ ಒಂದು ಪುಟವನ್ನೂ ತೆರೆಯಲಿಲ್ಲವೆಂದಿಷ್ಟು ಹೇಳಿದರೆ ಸಾಕು.

ಅವಳು ಈ ಬಗ್ಗೆ ನಮ್ಮನ್ನು ಒಂದು ದಿನವೂ ಆಡಿಕೊಳ್ಳಲಿಲ್ಲ. ಆದರೆ ಅಲ್ಲಿಂದ ಮುಂದೆ ಧಾರವಾಡ ಬಿಟ್ಟು ದೂರ ಹೊರಡುವ ಮಾತು ಬಂದಾಗಲೆಲ್ಲ, "ನಾ ಬರೂದಿಲ್ಲ. ನೀವು ಹೋಗಿ ಬರ್ರಿ" ಎಂಬ ಒಂದೇ ಉತ್ತರ. ಆರು ವರ್ಷ ಹೀಗೆಯೇ ನಡೆಯಿತು. ಮಗನು ಸಿಂಹಳದ ಪ್ರಸ್ತಾಪವೆತ್ತಿದಾಗಲೂ ಇದೇ ಉತ್ತರ ಬರುವದೆಂದು ನಾವು ಸುಮ್ಮನಿದ್ದೆವು. ಸೀತೆಯ ಗುಡಿಯೊಂದು ಅಲ್ಲಿಯ ಬೆಟ್ಟದಲ್ಲಿ ಇದೆಯೆಂದು ಸೊಸೆಯು ಹೇಳಿದ ಮೇಲೆ ಅವಳು ತುಸು ಹೊತ್ತು ಯೋಚಿಸಿ ಅಂದದ್ದು: "ಗಂಟು ನಾನ ಕಟ್ಟತೇನಿ. ನಿಮ್ಮ ಮಾವನವರು ಕೈ ಹಚ್ಚಬಾರದು. ಒಪ್ಪಿದ್ರ ಬರತೇನಿ." ನಾವು ಒಪ್ಪಿದೆವು. ಮೂವತ್ತೈದು ವರ್ಷ ಪಾಠ ಹೇಳಿದವರು ಒಂದು ವಾರ ಪಾಠ ಕೇಳಿದೆವು.

ಸಿಂಹಳಕ್ಕೆ ಅರಿವೆ ಕಟ್ಟುವದರಲ್ಲಿ ತೊಡಕೇನೆಂದರೆ, ಅದು ಒಂದು ದ್ವೀಪವಾದರೂ ಅದರ ಹವೆ ಒಂದಲ್ಲ. ಅದರ ವಿಸ್ತೀರ್ಣವು ೬೫,೬೧೦ ಚದರ ಕಿಲೋಮೀಟರು, ಎಂದರೆ ನಮ್ಮ ಕರ್ನಾಟಕದ ಸುಮಾರು ಮೂರನೆಯ ಒಂದು ಪಾಲು. ಸುತ್ತಲೂ ಸಮುದ್ರ, ನಡುವೆ ಬೆಟ್ಟದ ಗಂಟು. ಅದರ ತುದಿಯಾದ ಪಿದುರುತಲಾಗಲವು ೨೫೨೪ ಮೀಟರು ಎತ್ತರವಿದ್ದು ನಮ್ಮ ಮುಳ್ಳಯ್ಯನಗಿರಿಯನ್ನು ಮೀರಿಸುತ್ತದೆ. ಮೇ ತಿಂಗಳಿಂದ ಸೆಪ್ಟೆಂಬರದ ವರೆಗೆ ನೈಋತ್ಯದ ಗಾಳಿಯು ಪಶ್ಚಿಮದ ಇಳುಕಲನ್ನು ತೋಯಿಸಿ, ಬೆಟ್ಟ ದಾಟುವಷ್ಟರಲ್ಲಿ ಒಣಗಿ ಹೋಗುತ್ತದೆ. ಆಗ ಪೂರ್ವತೀರವು ಬಿಸಿಲಿನಲ್ಲಿ ಕಾಯುತ್ತದೆ. ಡಿಸೆಂಬರದಿಂದ ಫೆಬ್ರುವರಿಯ ವರೆಗೆ ಈಶಾನ್ಯದ ಗಾಳಿಯು ಪೂರ್ವ ಉತ್ತರಗಳನ್ನು ತೋಯಿಸುತ್ತದೆ. ಬೆಟ್ಟದ ಪಶ್ಚಿಮ ಮಗ್ಗುಲಲ್ಲಿ ಕೆಲವೆಡೆ ವರ್ಷಕ್ಕೆ ೫೦೦೦ ಮಿಲಿಮೀಟರು ಮೀರಿ ಮಳೆಯಾದರೆ, ವಾಯವ್ಯದ ಮನ್ನಾರಿನ ಕಡೆಗೆ ಸಾವಿರವೂ ಆಗುವದಿಲ್ಲ. ಧಾರವಾಡ ಜಿಲ್ಲೆಯವರಿಗೆ ಇದು ಅಪರಿಚಿತವೇನೂ ಅಲ್ಲ: ಅಳ್ನಾವರದಲ್ಲಿ ಕೊಡೆ ಬಿಚ್ಚಿ ಹತ್ತಿದವನು ನವಲಗುಂದದಲ್ಲಿ ಇಳಿಯುವಾಗ ಅದೇ ಕೊಡೆಯನ್ನು ಬಿಸಿಲಿಗೆ ಹಿಡಿಯುವದನ್ನು ನಾವೆಲ್ಲ ಕಂಡಿದ್ದೇವೆ. ಮಹಾಕವಿ ಕಾಳಿದಾಸನು ಋತುಸಂಹಾರದಲ್ಲಿ ಗ್ರೀಷ್ಮದಿಂದ ಮೊದಲುಮಾಡಿ ಆರು ಋತುಗಳನ್ನು ಒಂದರ ಹಿಂದೊಂದು ನಿಲ್ಲಿಸಿದನು. ಸಿಂಹಳದಲ್ಲಿ ಅವು ಒಂದರ ಮಗ್ಗುಲಲ್ಲೊಂದು ನಿಂತಿವೆ. (ರಾಮಾಯಣದ ಲಂಕೆ ಇದೇ ಅಹುದೋ ಅಲ್ಲವೋ ಎಂಬ ಪಂಡಿತರ ವಾದವು ಇನ್ನೂ ಮುಗಿದಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಅದು ಸೊಸೆಯು ಗುಡಿಯ ಹೆಸರು ಹೇಳಿದ ದಿನವೇ ಮುಗಿಯಿತು.)

ನಮ್ಮ ಮಾರ್ಗವು ಕೊಲಂಬೋ, ಕ್ಯಾಂಡಿ, ನುವರ ಎಲಿಯ, ಆಮೇಲೆ ಪೂರ್ವತೀರದ ತ್ರಿಕೋಣಮಲೆ. ಕೊಲಂಬೋದಲ್ಲಿ ಸರಾಸರಿ ಉಷ್ಣವು ೨೭ ಡಿಗ್ರಿಯ ಮೇಲೆ. ೧೮೬೮ ಮೀಟರು ಎತ್ತರದ ನುವರ ಎಲಿಯದಲ್ಲಿ ೧೬ರ ಸುಮಾರು. ಮೇಲೆ ಹೇಳಿದ ಆರೂವರೆ ಡಿಗ್ರಿಯ ಲೆಕ್ಕವನ್ನು ವಾಚಕರು ಹಾಕಿ ನೋಡಿದರೆ ಸರಿಯಾಗಿಯೇ ಕೂಡುತ್ತದೆ. ಮಾರ್ಚ ಏಪ್ರಿಲಗಳು ಅಲ್ಲಿ ಎರಡು ಮಳೆಗಾಲಗಳ ನಡುವಿನ ಕಾಲ. ಬೆಳಿಗ್ಗೆ ನಿರ್ಮಲವಾದ ಆಕಾಶ, ಮಧ್ಯಾಹ್ನದ ಮೇಲೆ ಗುಡುಗು ಮಳೆ. ಎಂಟು ದಿನಗಳೊಳಗೆ ಬೆವರು, ಮಳೆ, ಚಳಿ, ಉರಿಬಿಸಿಲು ನಾಲ್ಕನ್ನೂ ಕಾಣಬೇಕಾಗಿತ್ತು. ಪೆಟ್ಟಿಗೆಯ ತೂಕಕ್ಕಾದರೋ ವಿಮಾನದವರ ಮಿತಿಯಿತ್ತು.

ನಮ್ಮ ಗೃಹಿಣಿಯು ಮೊದಲು ಮಾಡಿದ ಕೆಲಸವು ವಿಚಿತ್ರವಾಗಿತ್ತು. ಒಂದು ರಾತ್ರಿ ಮನೆಯವರೆಲ್ಲರ ಒಂದೊಂದು ಅರಿವೆಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಬಾಗಿಲು ಕಿಡಕಿಗಳನ್ನು ಹಾಕಿದ ಕೋಣೆಯಲ್ಲಿ ಹರವಿದಳು. ಬೆಳಿಗ್ಗೆ ಮುಟ್ಟಿ ನೋಡಿ, ಒಣಗಿದ್ದನ್ನು ಒಂದು ಕಡೆಗೆ, ತೇವವಿದ್ದದ್ದನ್ನು ಇನ್ನೊಂದು ಕಡೆಗೆ ಇಟ್ಟಳು. ನಮ್ಮ ಖಾದಿಯ ಅಂಗಿಯು ತೇವವಿದ್ದವುಗಳಲ್ಲಿಯೂ ಅಗ್ರಗಣ್ಯವಾಗಿತ್ತು. ನಾವು ಆಕ್ಷೇಪಿಸಿದೆವು. ರಾಷ್ಟ್ರಧ್ವಜದ ಬಟ್ಟೆಯನ್ನು ನೇಯುವ ಗರಗವು ಇಲ್ಲಿಗೆ ದೂರವಲ್ಲ. ಆ ಕಡೆಯ ಖಾದಿಯನ್ನು ಯೌವನದಿಂದ ಉಟ್ಟವರು ನಾವು. "ಖಾದಿ ಛಲೋನ ಅದ. ಆದರ ಅದು ಒಣಗೂ ತನಕಾ ನೀವು ಏನು ಉಡತೀರಿ?" ಎಂದು ಕೇಳಿದಳು. ಎಂಟು ಅಂಗಿಗಳಲ್ಲಿ ಎರಡೇ ಖಾದಿಯವು ಉಳಿದವು.

ಇದರ ಕಾರಣವನ್ನು ಮಗನು ಬಿಡಿಸಿ ಹೇಳಿದನು. ಸಾಧಾರಣ ಹವೆಯಲ್ಲಿ ೧೦೦ ಗ್ರಾಂ ಒಣ ಹತ್ತಿಯು ಗಾಳಿಯ ತೇವದಿಂದಲೇ ೮ ಗ್ರಾಂ ನೀರನ್ನು ಹೀರಿಕೊಂಡಿರುತ್ತದಂತೆ. ಉಣ್ಣೆಯು ೧೬ ಗ್ರಾಂ. ಪಾಲಿಯೆಸ್ಟರಿನ ನೂಲು ಅರ್ಧ ಗ್ರಾಮನ್ನೂ ಮುಟ್ಟುವದಿಲ್ಲ. ಅದಕ್ಕಾಗಿ ಪಾಲಿಯೆಸ್ಟರು ಬೇಗ ಒಣಗುತ್ತದೆ, ಬೆವರನ್ನು ಮಾತ್ರ ಹೀರದೆ ಮೈಗೆ ಅಂಟುತ್ತದೆ. ಹತ್ತಿಯು ಬೆವರನ್ನು ಕುಡಿದು ಹಿತವಾಗಿರುತ್ತದೆ, ಆದರೆ ತೊಯ್ದರೆ ತಣ್ಣಗಾಗಿ ಮೈಯ ಕಾವನ್ನು ಎಳೆದುಕೊಳ್ಳುತ್ತದೆ. ಉಣ್ಣೆಯು ಎಲ್ಲಕ್ಕೂ ಹೆಚ್ಚು ತೇವವನ್ನು ಹೀರಿಯೂ ಬೆಚ್ಚಗಿರುವದಕ್ಕೆ ಕಾರಣವೇನೆಂದರೆ, ಅದರ ಎಳೆಗಳು ಗುಂಗುರಾಗಿದ್ದು ನಡುವೆ ಗಾಳಿಯನ್ನು ಹಿಡಿದಿಡುತ್ತವೆ. ನಮ್ಮ ಕುರುಬರು ಆಷಾಢದ ಮಳೆಯಲ್ಲಿ ಕಂಬಳಿಯ ಕೊಪ್ಪೆ ಹಾಕಿಕೊಂಡು ಕುರಿ ಕಾಯುವದರ ಮರ್ಮವೂ ಇದೇ ಆಗಿರಬೇಕು. ಈ ಗ್ರಾಂ ಲೆಕ್ಕಗಳನ್ನೆಲ್ಲ ಕೇಳಿ ನಮ್ಮ ಗೃಹಿಣಿಯು, "ಇದನ್ನ ನಾ ನಿನ್ನೆ ರಾತ್ರಿ ನೋಡೀನಲ್ಲ" ಎಂದು ಒಳಗೆ ಹೋದಳು.

ಚಳಿಗೆ ಅವಳು ದಪ್ಪನೆಯದೊಂದನ್ನು ಹುಡುಕಲಿಲ್ಲ. ತೆಳ್ಳಗಿನವು ಮೂರು. ಒಳಗೆ ಬೇಗ ಒಣಗುವ ಒಂದು ತುಂಬುತೋಳಿನ ಅಂಗಿ, ಅದರ ಮೇಲೆ ಉಣ್ಣೆಯ ಸ್ವೆಟರು, ಎಲ್ಲಕ್ಕೂ ಮೇಲೆ ಗಾಳಿ ಮಳೆ ತಡೆಯುವ ಹಗುರಾದ ರೇನ್‌ಕೋಟು. ಕೌದಿಯು ಏಕೆ ಬೆಚ್ಚಗೆಂಬದನ್ನು ಬಲ್ಲ ಹೆಂಗಸರಿಗೆ ಇದನ್ನು ವಿವರಿಸಬೇಕಾಗಿಲ್ಲ: ಹಳೆಯ ಸೀರೆಗಳ ಪದರಗಳ ನಡುವೆ ಸಿಕ್ಕ ಗಾಳಿಯೇ ಕಾವಲು. ಬಿಸಿಲೇರಿದಂತೆ ಉಳ್ಳಾಗಡ್ಡಿಯ ಸಿಪ್ಪೆಯಂತೆ ಒಂದೊಂದನ್ನೇ ತೆಗೆಯಬಹುದು. ಒಬ್ಬೊಬ್ಬರಿಗೆ ಎರಡು ಜೊತೆ ಉಣ್ಣೆಯ ಕಾಲುಚೀಲ, ಕಿವಿ ಮುಚ್ಚುವ ಟೊಪ್ಪಿಗೆ. ಒಂಬತ್ತು ವರ್ಷದ ಮೊಮ್ಮಗನಿಗೆ ಹಳೆಯ ಕುಂಚಿಗೆಯನ್ನೇ ದೊಡ್ಡದು ಮಾಡಿ ಹೊಲಿದಂತಿದ್ದ ಟೊಪ್ಪಿಗೆಯೊಂದನ್ನು ತೆಗೆದಾಗ, "ಅಜ್ಜೀ, ನಾ ಏನು ಕೂಸೇನು?" ಎಂದು ಅವನು ಓಡಿದನು. ಅದೂ ಪೆಟ್ಟಿಗೆಯಲ್ಲಿ ಬಿದ್ದಿತು.

ಇಳಕಲ್ಲ ಸೀರೆಯ ವಿಷಯದಲ್ಲಿ ಮಾತ್ರ ಅವಳು ತನ್ನ ನಿಯಮವನ್ನು ತಾನೇ ಮುರಿದಳು. ಒಡಲು ಹತ್ತಿ, ಸೆರಗು ರೇಷ್ಮೆ, ಎರಡನ್ನೂ ಕೊಂಡಿ ಹಾಕಿ ಕೂಡಿಸಿದ ನೇಯ್ಗೆ; ತೂಕವೂ ಉಂಟು, ತೊಯ್ದರೆ ಬಣ್ಣ ಬಿಡುವ ಭಯವೂ ಉಂಟು. ಪ್ರವಾಸದ ದೃಷ್ಟಿಯಿಂದ ಅದರಲ್ಲಿ ಒಂದು ಗುಣವೂ ಇಲ್ಲ. ಆದರೂ ಸೀತೆಯ ಗುಡಿಗೆ ಬೇರೆ ಸೀರೆ ಉಟ್ಟು ಹೋಗುವದು ಅವಳ ಮನಸ್ಸಿಗೆ ಬರಲಿಲ್ಲ. ಒಂದು ಹಳೆಯ ಬಿಳಿ ಧೋತರದಲ್ಲಿ ಅದನ್ನು ಸುರುಳಿ ಸುತ್ತಿ ಬದಿಗಿಟ್ಟಳು. ಅದಕ್ಕೆ ಜಾಗ ಸಾಲದೆ ಹೋದಾಗ ತನ್ನ ಬೇರೆ ಎರಡು ಸೀರೆಗಳನ್ನು ತೆಗೆದಳು.

ಇನ್ನು ಅವಳ ಅತ್ಯಂತ ವಿವಾದಾಸ್ಪದವಾದ ನಿಯಮ. ಯಾರ ಅರಿವೆಗಳೂ ಒಂದೇ ಪೆಟ್ಟಿಗೆಯಲ್ಲಿ ಇರಕೂಡದು. ಪ್ರತಿಯೊಬ್ಬರದೂ ಒಂದೊಂದು ಜೊತೆ ಇನ್ನೊಬ್ಬರ ಪೆಟ್ಟಿಗೆಯಲ್ಲಿ ಇರತಕ್ಕದ್ದು. ನಮ್ಮ ಒಂದು ಧೋತರ, ಒಂದು ಅಂಗಿ, ಒಳಅರಿವೆಗಳು ಸೊಸೆಯ ಪೆಟ್ಟಿಗೆಗೆ ಹೋದವು. ಇದು ಮರ್ಯಾದೆಯಲ್ಲವೆಂದು ನಾವು ಎಷ್ಟೋ ಹೇಳಿದೆವು. ಕೈ ಹಚ್ಚಬಾರದೆಂಬ ಕರಾರನ್ನು ನೆನಪು ಮಾಡಿಕೊಟ್ಟಳು. ಅವಳ ಸೇದುವ ಔಷಧದ ಪಂಪು, ಒಂದು ಶಾಲು, ಒಂದು ಸ್ವೆಟರು ಇವಿಷ್ಟು ಪೆಟ್ಟಿಗೆಗೆ ಹೋಗದೆ ಕೈಚೀಲದಲ್ಲಿಯೇ ಉಳಿದವು. ಮಗನು ಕಾರ್ಖಾನೆಯಲ್ಲಿ ಯಂತ್ರದ ಬಿಡಿಭಾಗಗಳ ಜೊತೆಗೆ ಬರುವ ಸಿಲಿಕಾ ಜೆಲ್ ಎಂಬ ಹರಳಿನ ಪೊಟ್ಟಣಗಳನ್ನು ತಂದು ಪ್ರತಿ ಪೆಟ್ಟಿಗೆಯ ಮೂಲೆಯಲ್ಲಿ ಎರಡೆರಡು ಇಟ್ಟನು. ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ತೇವವನ್ನು ಹೀರುವ ಪದಾರ್ಥವು ಅರಿವೆಯ ಮುಗ್ಗಲನ್ನೂ ತಡೆಯುವದೆಂದು ಅವನ ಮತ. ಭಾರವಾದುವನ್ನು ಗಾಲಿಗಳ ಕಡೆಗೆ ಇಡಬೇಕೆಂಬದೂ ಅವನಿಂದಲೇ ತಿಳಿಯಿತು. ಹಾಗಿಟ್ಟರೆ ಪೆಟ್ಟಿಗೆಯು ಎಳೆಯುವಾಗ ಮುಗ್ಗರಿಸುವದಿಲ್ಲ.

ಧಾರವಾಡದಿಂದ ಬೆಂಗಳೂರಿಗೆ ರೈಲು, ಅಲ್ಲಿಂದ ಒಂದೂವರೆ ತಾಸಿನ ವಿಮಾನ. ಮೇ ೭ರ ಮತದಾನಕ್ಕೆ ಮುಂಚೆ ಊರು ಸೇರಬೇಕೆಂದು ದಿನಗಳನ್ನು ಎಣಿಸಿ ಹೊರಟಿದ್ದೆವು. ಕಟುನಾಯಕದ ನಿಲ್ದಾಣದಲ್ಲಿ ತಿರುಗುವ ಪಟ್ಟಿಯ ಮೇಲೆ ಎಲ್ಲರ ಪೆಟ್ಟಿಗೆಗಳು ಬಂದವು, ನಮ್ಮದೊಂದು ಬರಲಿಲ್ಲ. ಅದು ಮರುದಿನ ಸಂಜೆ ನಮ್ಮನ್ನು ಸೇರಿತು. ಆ ಒಂದೂವರೆ ದಿನ ನಾವು ಉಟ್ಟದ್ದು ಸೊಸೆಯ ಪೆಟ್ಟಿಗೆಯೊಳಗಿನ ಧೋತರವನ್ನೇ. ಅದನ್ನು ನಮ್ಮ ಕೈಗೆ ಕೊಡುವಾಗ ಗೃಹಿಣಿಯು ಮೌನವಾಗಿದ್ದಳು. ಆ ಮೌನಕ್ಕಿಂತ ನಾಲ್ಕು ಮಾತು ಆಡಿದ್ದರೆ ನಮಗೆ ಹಗುರಾಗುತ್ತಿತ್ತು.

ಕ್ಯಾಂಡಿಯಲ್ಲಿ ನಾವು ಛಲದಿಂದ ಖಾದಿಯ ಅಂಗಿಯನ್ನು ಹಾಕಿಕೊಂಡು ಮಧ್ಯಾಹ್ನದ ಮಳೆಯಲ್ಲಿ ತೋಯಿಸಿಕೊಂಡೆವು. ಅದು ಎರಡು ಹಗಲು ಎರಡು ರಾತ್ರಿ ಒಣಗದೆ, ಮುಗ್ಗಲು ವಾಸನೆಯೊಡನೆ ಬೆಟ್ಟವನ್ನೇರಿತು. ಅಲ್ಲಿಯ ದಂತಧಾತುಮಂದಿರವಾದ ದಲದಾ ಮಾಳಿಗಾವದಲ್ಲಿ (ಈ ಮಾಳಿಗಾವವು ನಮ್ಮ ಮಾಳಿಗೆಯ ಬಂಧುವೆಂದು ತೋರುತ್ತದೆ) ಹೆಗಲು ಮೊಣಕಾಲುಗಳು ಮುಚ್ಚಿರಬೇಕೆಂಬ ನಿಯಮವಿದೆ, ಪಾದರಕ್ಷೆ ಹೊರಗೆ. ಸೆಕೆಗೆಂದು ಅರ್ಧ ಚಲ್ಲಣ ಹಾಕಿಕೊಂಡು ಬಂದ ಚಿರಂಜೀವಿಯನ್ನು ಬಾಗಿಲಲ್ಲಿ ತಡೆದರು. ನಮ್ಮ ಹೆಗಲ ಮೇಲಿನ ಶಲ್ಯವನ್ನು ಅವನ ಸೊಂಟಕ್ಕೆ ಲುಂಗಿಯಂತೆ ಸುತ್ತಿ ಒಳಗೆ ಕರೆದೊಯ್ದೆವು. ಬಿಳಿಯ ಅರಿವೆಯು ಅಲ್ಲಿ ಭಕ್ತರ ರೂಢಿ. ಬುದ್ಧನ ಚಿತ್ರವುಳ್ಳ ಅಂಗಿಗಳನ್ನು ಹಾಕಿಕೊಂಡು ಹೋಗುವದನ್ನು ಅಲ್ಲಿಯ ಜನರು ಅಪಚಾರವೆಂದು ಎಣಿಸುತ್ತಾರಾದ್ದರಿಂದ ಅಂಥವು ಮನೆಯಲ್ಲಿಯೇ ಉಳಿಯಲಿ. ಜಾಫ್ನಾದ ನಲ್ಲೂರಿನ ಕಂದಸ್ವಾಮಿಯ ಗುಡಿಯಲ್ಲಿ ಗಂಡಸರು ಅಂಗಿ ತೆಗೆದೇ ಒಳಗೆ ಹೋಗತಕ್ಕದ್ದು. ನಮ್ಮ ಕರಾವಳಿಯ ಗುಡಿಗಳನ್ನು ಬಲ್ಲವರಿಗೆ ಇದು ಹೊಸದಲ್ಲ. ಮಧ್ಯಾಹ್ನದ ಕಲ್ಲಂಗಳಗಳಲ್ಲಿ ಬರಿಗಾಲು ಸುಡುವಾಗ ನೂಲಿನ ಕಾಲುಚೀಲವು ಬಹಳ ಉಪಕಾರಿ.

ಕ್ಯಾಂಡಿಯಿಂದ ನುವರ ಎಲಿಯಕ್ಕೆ ೭೭ ಕಿಲೋಮೀಟರಿನ ಏರುದಾರಿ. ಕೆಳಗೆ ಅಂಗಿ ಬಿಚ್ಚುವ ಸೆಕೆ. ಚಹದ ತೋಟಗಳ ನಡುವೆ ಒಂದೊಂದು ತಿರುವಿಗೂ ಒಂದೊಂದು ಪದರವು ಮೈಮೇಲೆ ಬಂದಿತು. ನಾವು ಊರು ಮುಟ್ಟುವಷ್ಟರಲ್ಲಿ ಮಳೆ ಹಿಡಿದಿತ್ತು. ಇಳಿದುಕೊಂಡ ಮನೆಯಲ್ಲಿ ಕೋಣೆ ಕಾಯಿಸುವ ಸಾಧನವಿರಲಿಲ್ಲ. ಗೋಡೆಗಳು ಮುಟ್ಟಿದರೆ ತಣ್ಣಗೆ. ಆ ರಾತ್ರಿ ನಮ್ಮ ಗೃಹಿಣಿಯು ಒಳಗಿನ ಅಂಗಿ, ಸ್ವೆಟರು, ಎರಡು ಜೊತೆ ಕಾಲುಚೀಲ, ತಲೆಯ ಮೇಲಿಂದ ಶಾಲು, ಇಷ್ಟನ್ನು ಕ್ರಮವಾಗಿ ಧರಿಸಿ, ಪಂಪನ್ನು ದಿಂಬಿನ ಕೆಳಗಿಟ್ಟು ಮಲಗಿದಳು. ನಾವು ಮಲಗಲಿಲ್ಲ. ತಗಡಿನ ಮೇಲೆ ಮಳೆಯ ಸಪ್ಪಳದ ನಡುವೆ ಅವಳ ಉಸಿರನ್ನು ಕೇಳುತ್ತ ಕುಳಿತೆವು. ಒಂದು ಗಂಟೆಗೆ, ಎರಡು ಗಂಟೆಗೆ, ಎದೆಯೊಳಗೆ ಆ ಸಿಳ್ಳು ಎದ್ದಿತೇ ಎಂದು ಕಿವಿಗೊಟ್ಟೆವು. ಏಳಲಿಲ್ಲ. ನಾಲ್ಕೂವರೆಗೆ ಮಗ ಸೊಸೆ ಮೊಮ್ಮಗರು ಹಾರ್ಟನ್ ಬಯಲಿಗೆ ಹೊರಡುವ ಸದ್ದು ಕೇಳಿಸಿತು. ಮಂಜು ಮುಚ್ಚುವದರೊಳಗೆ ಅಲ್ಲಿಯ ಕಮರಿಯನ್ನು ನೋಡಬೇಕಾದರೆ ಅಷ್ಟು ಬೇಗ ಹೋಗಬೇಕು. ಮೊಮ್ಮಗನು ಆ ಕುಂಚಿಗೆಯನ್ನು ತಾನಾಗಿ ಕೇಳಿ ಹಾಕಿಕೊಂಡನು. (ಆ ರಕ್ಷಿತ ಬಯಲಿಗೆ ಪ್ಲಾಸ್ಟಿಕ್ ಚೀಲಗಳನ್ನು ಒಯ್ಯಗೊಡುವದಿಲ್ಲ, ತೊಯ್ದ ಅರಿವೆ ಇಡಲು ಬಟ್ಟೆಯ ಚೀಲ ಬೇಕು.) ಆರಕ್ಕೆ ನಮ್ಮ ಗೃಹಿಣಿಯು ಕಣ್ಣು ತೆರೆದು, ನಾವು ಕುಳಿತಿರುವದನ್ನು ಕಂಡು, "ಯಾಕ್ರೀ, ನಿದ್ದಿ ಬರಲಿಲ್ಲೇನು? ಇಷ್ಟು ಚಹದ ಗಿಡಾ ಅವ, ಒಂದು ಕಪ್ಪು ಚಹಾ ಎಲ್ಲಿ ಸಿಗತದ ನೋಡ್ರಿ" ಎಂದಳು.

ಅಂದು ಇಳಕಲ್ಲ ಸೀರೆಯನ್ನುಟ್ಟು, ಮೇಲೆ ಶಾಲು ಹೊದ್ದು, ಸೀತಾ ಎಲಿಯದ ಗುಡಿಗೆ ಬಂದಳು. ಮಗ್ಗುಲಲ್ಲಿ ಹರಿಯುವ ತೊರೆಯ ಹತ್ತಿರ ತುಸು ಹೊತ್ತು ಕುಳಿತೆವು. ಬಿಸಿಲು ಬಿದ್ದಿತ್ತು.

ತ್ರಿಕೋಣಮಲೆಯಲ್ಲಿ ಮತ್ತೆ ಬೆವರು. ಸಮುದ್ರದ ಮೇಲೆ ಬಂಡೆಯ ತುದಿಯಲ್ಲಿರುವ ಕೋಣೇಶ್ವರನ ಗುಡಿಗೆ ಏರುವಾಗ ಉಣ್ಣೆಯನ್ನು ನೆನೆದರೇ ಮೈ ತುರಿಸುತ್ತಿತ್ತು. ಒಯ್ದವುಗಳಲ್ಲಿ ವ್ಯರ್ಥವಾದವೂ ಇದ್ದವು, ಅವುಗಳನ್ನು ಮುಚ್ಚಿಡುವದು ಸರಿಯಲ್ಲ. ದಪ್ಪನೆಯ ಎರಡು ಟರ್ಕಿ ಟವೆಲುಗಳು ತೊಯ್ದ ಕುರಿಮರಿಗಳಂತೆ ಭಾರವಾಗಿ ಎಲ್ಲಿಯೂ ಒಣಗಲಿಲ್ಲ. ನಮ್ಮ ತೆಳುವಾದ ಕೈಪಂಚೆಗಳೇ ಮೇಲು. ಹೊಸ ಬೂಟುಗಳು ಮೊದಲ ಮಳೆಗೇ ನೀರು ಕುಡಿದವು. ಒಳಗೆ ಹಳೆಯ ವರ್ತಮಾನಪತ್ರವನ್ನು ತುರುಕಿ, ರಾತ್ರಿಯಲ್ಲಿ ಎರಡು ಸಲ ಬದಲಿಸಿ, ಹೇಗೋ ಒಣಗಿಸಿದೆವು. ಉದ್ದನೆಯ ಕೊಡೆಯು ಬೆಟ್ಟದ ಗಾಳಿಗೆ ತಿರುವುಮುರುವಾಯಿತು. ಪುಸ್ತಕಗಳನ್ನು ನಾವು ಒಯ್ದಿರಲಿಲ್ಲ.

ಮೇ ಮೊದಲ ವಾರದಲ್ಲಿ ಬೇಲೂರಿಗೆ ಹಿಂದಿರುಗಿದ ಮಧ್ಯಾಹ್ನ, ನಮ್ಮ ಗೃಹಿಣಿಯು ಪೆಟ್ಟಿಗೆಗಳನ್ನೆಲ್ಲ ಅಂಗಳದಲ್ಲಿ ತೆರೆದಿಟ್ಟಳು. ಕ್ಯಾಂಡಿಯಿಂದ ತೇವ ಹೊತ್ತು ತಂದಿದ್ದ ಆ ಖಾದಿಯ ಅಂಗಿಯನ್ನು ಹಿಂಡಿ ತಂತಿಗೆ ಹಾಕಿದಳು. ನಮ್ಮ ಊಟ ಮುಗಿಯುವಷ್ಟರಲ್ಲಿ ಅದು ಒಣಗಿತ್ತು. ಒಂದೊಂದೇ ಅರಿವೆಯನ್ನು ಝಾಡಿಸಿ ಮಡಚಿ ಕಪಾಟಿನಲ್ಲಿಟ್ಟಳು. ಸ್ವೆಟರನ್ನೂ ಎರಡು ಜೊತೆ ಕಾಲುಚೀಲಗಳನ್ನೂ ಮಾತ್ರ ಬಿಸಿಲಿಗೆ ತೋರಿಸಿ, ಸಿಲಿಕಾ ಪೊಟ್ಟಣದೊಡನೆ ತಿರುಗಿ ಪೆಟ್ಟಿಗೆಯಲ್ಲಿಯೇ ಇಟ್ಟಳು. ಅದೇಕೆಂದು ನಾವು ಕೇಳಿದೆವು. "ಇರಲಿ. ಮುಂದ ಎಲ್ಲೆರ ಹೋಗೂದಾದ್ರ ಹುಡುಕೂದು ಬ್ಯಾಡ" ಎಂದಳು.